ಬಲೆಯ ಮನೆಗೆ ಬಂದ ಟೆರಿಯರ್

2025ರ ಜನವರಿ 19, ರವಿವಾರ, ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಉಮಾ ತಗಡಿನ ಶೆಡ್ಡಿನ ಬಾಗಿಲು ತೆರೆದು, ಗಳಕ್ಕೆ ಹಾಕಿದ್ದ ಬಲೆಯನ್ನು ಬೆಳಕಿಗೆ ಹಿಡಿದು, ರಾತ್ರಿ ಇಲಿಗಳು ಕಡಿದ ತೂತುಗಳನ್ನು ಎಣಿಸಿದಳು. ಇಪ್ಪತ್ತಮೂರು ಇದ್ದವು. ಹಿಂದಿನ ದಿನ ಹದಿನೇಳಿದ್ದವು.

ನಾರಾಯಣಪುರದ ಅಂಚಿನಲ್ಲಿ, ನೀರಾವರಿ ಕ್ವಾರ್ಟರ್ಸಿನ ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ನಿಂತ ಎರಡು ಕೋಣೆಯ ಮನೆ ಅದು. ಮನೆಯಲ್ಲಿ ನಾಲ್ವರು. ಮಾವ ಮರಿಲಿಂಗಪ್ಪ ಮತ್ತು ಗಂಡ ಸಾಯಿಕುಮಾರ ಅಣೆಕಟ್ಟಿನ ಹಿನ್ನೀರಿನಲ್ಲಿ ಹರಗೋಲು ಹಾಕಿ ಮೀನು ಹಿಡಿಯುತ್ತಿದ್ದರು. ಸಂಜೆ ಬಲೆ ಬಿಟ್ಟು ಬರುವುದು, ನಸುಕಿನಲ್ಲಿ ಹೋಗಿ ಎತ್ತುವುದು. ಬಲೆಗಳು ಎರಡು ಜೊತೆ. ಒಂದು ಜೊತೆ ನೀರಿನಲ್ಲಿದ್ದರೆ ಇನ್ನೊಂದು ಶೆಡ್ಡಿನಲ್ಲಿ ಇರುತ್ತಿತ್ತು. ಮೀನಿನ ವಾಸನೆಗೆ ಇಲಿಗಳು ಬರುತ್ತಿದ್ದುದು ಇದೇ ಶೆಡ್ಡಿಗೆ.

ಅತ್ತೆ ದೇವಕಮ್ಮ ಈ ಮನೆಗೆ ಬಂದ ದಿನದಿಂದ ಬಲೆ ಹೆಣೆದವಳು. ಜನವರಿ 9ರಂದು ಯಾದಗಿರಿಯಲ್ಲಿ ಅವಳ ಬಲಗಣ್ಣಿನ ಪೊರೆ ತೆಗೆದಿದ್ದರು. ಆರು ವಾರ ಹೊಗೆ, ಧೂಳು, ಬಗ್ಗುವ ಕೆಲಸ ಬೇಡ ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಹೀಗಾಗಿ ಒಲೆಯೂ ಬಲೆಯೂ ಒಂದೇ ದಿನ ಉಮಾಳ ಪಾಲಿಗೆ ಬಂದವು. ಒಂದು ತೂತು ಹೆಣೆಯಲು ಅವಳಿಗೆ ಸರಾಸರಿ ಆರು ನಿಮಿಷ ಬೇಕಾಗುತ್ತಿತ್ತು.

ಉಮಾ ಶಹಾಪುರದವಳು. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಸರ್ಕಾರಿ ಇಲಾಖೆಯೊಂದು ಪ್ರಯೋಗಾಲಯ ಸಹಾಯಕರ ಹುದ್ದೆಗೆ ನಾಲ್ಕು ವರ್ಷಗಳ ನಂತರ ಅರ್ಜಿ ಕರೆದಿತ್ತು. ಮಾರ್ಚ್ 23ಕ್ಕೆ ಕಲಬುರಗಿಯಲ್ಲಿ ಪರೀಕ್ಷೆ. ಆಪರೇಷನ್ನಿನ ಮೊದಲು ದಿನಕ್ಕೆ ಮೂರು ಗಂಟೆ ಓದುತ್ತಿದ್ದವಳಿಗೆ ಈಗ ಸಿಗುತ್ತಿದ್ದುದು ಒಂದು ಗಂಟೆ ಇಪ್ಪತ್ತು ನಿಮಿಷ.

ಇಲಿಗೆ ಮದ್ದಿಡುವಂತಿರಲಿಲ್ಲ, ಅದೇ ಶೆಡ್ಡಿನಲ್ಲಿ ಮೀನು ಒಣಗಿಸುತ್ತಿದ್ದರು. ಬೋನಿಗೆ ಎರಡು ಬಿದ್ದವು, ಮೂರನೆಯದು ಬೋನಿನ ಮೇಲೆ ಕುಳಿತು ಬಲೆ ಕಡಿಯಿತು. ಬೆಕ್ಕು ತರೋಣ ಎಂದು ಮರಿಲಿಂಗಪ್ಪ ಹೇಳಿದ.

"ಮೀನಿನ ಮನ್ಯಾಗ ಬೆಕ್ಕ ಸಾಕಿದ್ರ ಕಳ್ಳನ ಕೈಯಾಗ ಕೀಲಿ ಕೊಟ್ಟಂಗ," ಎಂದಳು ದೇವಕಮ್ಮ. ಆ ಮಾತು ಅಲ್ಲಿಗೇ ನಿಂತಿತು.

ಕ್ವಾರ್ಟರ್ಸಿನ ಎಂಜಿನಿಯರರಿಗೆ ಆ ವಾರವೇ ವರ್ಗವಾಯಿತು. ಮೀನು ಕೊಡಲು ಹೋದ ಉಮಾಳಿಗೆ ಅವರ ಹೆಂಡತಿ ತಮ್ಮ ನಾಯಿಯ ಮಾತು ತೆಗೆದರು. ಹೊಸ ಊರಿನ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ನಾಯಿಗೆ ಒಪ್ಪಿಗೆ ಇರಲಿಲ್ಲ. ಫೆಬ್ರವರಿ ಕೊನೆಯವರೆಗೆ ಇಟ್ಟುಕೊಂಡು ನೋಡಿ, ಒಗ್ಗಿದರೆ ನಿಮ್ಮದೇ, ಇಲ್ಲವಾದರೆ ಬೇರೆ ಮನೆ ಹುಡುಕುತ್ತೇವೆ ಎಂದರು. ಜ್ಯಾಕ್ ರಸೆಲ್ ಟೆರಿಯರ್, ಹೆಣ್ಣು, ಎರಡು ವರ್ಷ. ಬಿಳಿ ಮೈ, ಹಣೆಯ ಮೇಲೆ ಕಂದು ಮಚ್ಚೆ. ಹೆಸರು ಚಿಕ್ಕಿ. ತೂಕ ಆರು ಕಿಲೋ ಇನ್ನೂರು ಗ್ರಾಂ.

ಉಮಾ ಎರಡು ದಿನ ಫೋನಿನಲ್ಲಿ ಆ ತಳಿಯ ಬಗ್ಗೆ ಓದಿದಳು. ಬಿಲಕ್ಕೆ ನುಗ್ಗಿ ಬೇಟೆಯಾಡಲೆಂದೇ ಬೆಳೆಸಿದ ಜಾತಿ, ಇಲಿ ಕಂಡರೆ ಬಿಡುವುದಿಲ್ಲ ಎಂಬುದನ್ನು ಎರಡು ಸಲ ಓದಿದಳು. ದಿನಕ್ಕೆ ಎರಡು ಹೊತ್ತು ಓಡಿಸಬೇಕು, ಬೇಸರ ಬಂದರೆ ಅಗೆಯುತ್ತದೆ, ಕಡಿಯುತ್ತದೆ ಎಂಬುದನ್ನು ಒಂದು ಸಲ. ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಎರಡನ್ನೂ ಹೇಳಿದಳು.

"ಎಷ್ಟ್ ಎತ್ತರ ಅದ ಅದು?" ಎಂದು ಸಾಯಿಕುಮಾರ ಕೇಳಿದ.

ಉಮಾ ನೆಲದಿಂದ ಒಂದು ಗೇಣಿನ ಮೇಲೆ ಕೈ ಹಿಡಿದು ತೋರಿಸಿದಳು.

"ಇಷ್ಟ ಅದ ಅಂದ್ರ ಎಷ್ಟ್ ತಿಂತದ, ಎಷ್ಟ್ ಓಡ್ತದ? ಅಂಗಳದಾಗ ಎರಡ್ ಸುತ್ತ ಹೊಡದ್ರ ಮುಗೀತು."

ಮರಿಲಿಂಗಪ್ಪನೂ ಅದನ್ನೇ ಹೇಳಿದ. ಸಣ್ಣ ನಾಯಿ, ಸಣ್ಣ ಕೆಲಸ. ದೇವಕಮ್ಮ ಮಾತ್ರ ತಟ್ಟೆಯಿಂದ ತಲೆ ಎತ್ತಿ, ಒಂದು ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡೇ ಸೊಸೆಯ ಕಡೆ ನೋಡಿದಳು.

"ಇಲಿ ಹಿಡೀತದಂದ್ರ ಬರ್ಲಿ. ಖರೇ ಒಂದ್ ಮಾತ. ನಾಯಿ ಬಾಯಿ ಬಲಿಗಿ ಹತ್ತಬಾರ್ದು. ಬಲಿ ಅಂದ್ರ ಗಂಗವ್ವನ ಸೀರಿ ಇದ್ದಂಗ."

ಜನವರಿ 25ರಂದು ಚಿಕ್ಕಿ ಬಂದಿತು. ಅಂದು ರಾತ್ರಿ ಅದನ್ನು ಶೆಡ್ಡಿನಲ್ಲಿ ಬಿಟ್ಟು ಬಲೆಗಳನ್ನು ಎತ್ತರಕ್ಕೆ ಕಟ್ಟಿದರು. ಬೆಳಿಗ್ಗೆ ಬಾಗಿಲ ಬಳಿ ನಾಲ್ಕು ಇಲಿಗಳು ಸಾಲಾಗಿ ಬಿದ್ದಿದ್ದವು. ಎರಡನೇ ದಿನ ಮೂರು, ಮೂರನೇ ದಿನ ಎರಡು. ತೂತುಗಳು ಹದಿನೆಂಟರಿಂದ ಏಳಕ್ಕೆ, ಏಳರಿಂದ ಮೂರಕ್ಕೆ ಇಳಿದವು. ಸತ್ತ ಇಲಿಗಳನ್ನು ಮರಿಲಿಂಗಪ್ಪ ಬಾಲ ಹಿಡಿದು ಎತ್ತಿ ತೂಗಿ ನೋಡಿ, ಇಂಥ ಶಿಕಾರಿ ಈ ಊರಿನಲ್ಲಿ ಯಾರ ಹತ್ತಿರವೂ ಇಲ್ಲ ಎಂದು ಓಣಿಯಲ್ಲೆಲ್ಲ ಹೇಳಿ ಬಂದ. ದೇವಕಮ್ಮ ಬುಟ್ಟಿಯ ಮೊದಲ ರೊಟ್ಟಿಯನ್ನು ಮುರಿದು, ಸಾರಿನಲ್ಲಿ ನೆನೆಸಿ, ಚಿಕ್ಕಿಯ ತಾಟಿಗೆ ಹಾಕತೊಡಗಿದಳು.

ಉಮಾ ಒಂದು ವಹಿಯಲ್ಲಿ ದಿನಾಂಕ ಹಾಕಿ ತೂತುಗಳ ಸಂಖ್ಯೆ ಬರೆದುಕೊಳ್ಳುತ್ತಿದ್ದಳು. ಮೊದಲ ವಾರ ಅವಳಿಗೆ ಸಮಾಧಾನವಿತ್ತು. ಆದರೂ ಸಂಜೆ ಪುಸ್ತಕ ತೆರೆದಾಗ ಹೊತ್ತು ಸಾಲುತ್ತಿರಲಿಲ್ಲ. ಎಲ್ಲಿ ಸೋರುತ್ತಿದೆ ಎಂಬುದು ಅವಳಿಗೆ ತಕ್ಷಣ ತಿಳಿಯಲಿಲ್ಲ.

ಅಂಗಳದ ಎರಡು ಸುತ್ತು ಚಿಕ್ಕಿಗೆ ಏನೇನೂ ಸಾಲಲಿಲ್ಲ. ಬೆಳಿಗ್ಗೆ ಗಂಡಸರು ನೀರಿಗೆ ಹೋದ ಮೇಲೆ ಉಮಾ ಅದನ್ನು ಹಗ್ಗ ಹಿಡಿದು ಕಾಲುವೆಯ ಏರಿಯ ಮೇಲೆ ಓಡಿಸಿಕೊಂಡು ಬರುತ್ತಿದ್ದಳು, ಬಂದು ರೊಟ್ಟಿ ಬಡಿಯುತ್ತಿದ್ದಳು, ಸಂಜೆ ಮತ್ತೆ ಅದೇ. ಏರಿಯ ಕೆಳಗೆ ಬಿದ್ದ ಕೊಳೆತ ಮೀನಿನಲ್ಲಿ ಚಿಕ್ಕಿ ಮೈ ಹೊರಳಿಸುತ್ತಿತ್ತು. ಆಗ ಸ್ನಾನವೂ ಸೇರುತ್ತಿತ್ತು.

ಬೆಳಿಗ್ಗೆ ಎಂಟಕ್ಕೆ ಮೀನು ಒಯ್ಯಲು ಬರುವ ಮಕ್ತುಂಬಿ ಅಲ್ಯೂಮಿನಿಯಂ ಬೋಗುಣಿ ಇಳಿಸುತ್ತ ಒಂದು ದಿನ ಕೇಳಿದಳು.

"ಉಮಾ ಬೇಟಾ, ನೀ ನಾಯಿನ ಓಡಸ್ತಿಯೋ, ನಾಯಿ ನಿನ್ನ ಓಡಸ್ತದೋ?"

"ಇಬ್ಬರ್ನೂ ಮನಿಯವ್ರು ಓಡಸ್ತಾರ್ರಿ ಖಾಲಾ."

ಮಕ್ತುಂಬಿ ನಕ್ಕಳು. ಒಳಗೆ ಕೂತಿದ್ದ ದೇವಕಮ್ಮ ನಗಲಿಲ್ಲ. ಮಕ್ತುಂಬಿ ಹೋದ ಮೇಲೆ, ಮನೆಯ ಮಾತು ಮೀನಿನ ಬುಟ್ಟಿಯಲ್ಲಿ ಕೂತು ಹುಣಸಗಿ ಸಂತೆಯವರೆಗೂ ಹೋಗುತ್ತದೆ ಎಂದಳು. ಸೊಸೆ ಸೀರೆಯ ನೆರಿಗೆ ಎತ್ತಿ ಕಟ್ಟಿ ನಾಯಿಯ ಹಿಂದೆ ಓಡುವುದನ್ನು ಆಗಲೇ ಮೂರು ಜನ ಅವಳಿಗೆ ಹೇಳಿದ್ದರು.

"ಹಂಗಾದ್ರ ನಿಮ್ಮ ಮಗ ಓಡಸ್ಲಿ ಅತ್ತಿ."

ಸಾಯಿಕುಮಾರ ಆಗತಾನೆ ಊಟ ಮುಗಿಸಿ ಕೌದಿ ಎಳೆದುಕೊಂಡಿದ್ದ. "ನಸಿಕ್ಲೆ ನಾಕಕ್ಕ ಎದ್ದ್ ನೀರಿಗಿ ಹೋಗಾಂವ ನಾ. ಬಂದ್ ಕೂಡ್ಲೇ ಕಣ್ಣ ಎಳೀತಾವ. ಎಲ್ಲಿ ಓಡಸ್ಲಿ?"

ಮರಿಲಿಂಗಪ್ಪನನ್ನು ಕೇಳಿದರೆ ಅವನು ತನ್ನ ಮೊಣಕಾಲು ಮುಟ್ಟಿ ತೋರಿಸಿದ.

ಫೆಬ್ರವರಿ 5ರಂದು ಉಮಾ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟು ಬಿಡಿಸಲು ಕೂತಳು. ಬೆಳಗಿನ ಓಟ ತಪ್ಪಿಸಿದಳು. ಮಧ್ಯಾಹ್ನ ಬಲೆ ಅಂಗಳದಲ್ಲಿ ಒಣಗುತ್ತಿತ್ತು. ಚಿಕ್ಕಿ ಅದರ ಅಂಚು ಕಚ್ಚಿ ಎಳೆಯಿತು. ಇನ್ನೊಂದು ತುದಿ ಗೂಟಕ್ಕೆ ಕಟ್ಟಿದ್ದರಿಂದ ಬಲೆ ತಿರುಗಿ ಎಳೆದಂತಾಯಿತು, ಅದಕ್ಕೆ ಆಟ ಸಿಕ್ಕಿತು. ದೇವಕಮ್ಮ ಕೂಗಿ ಉಮಾ ಹೊರಗೆ ಬರುವಷ್ಟರಲ್ಲಿ ಬಲೆ ಅರವತ್ನಾಲ್ಕು ಸೆಂಟಿಮೀಟರ್ ಹರಿದಿತ್ತು.

ದೇವಕಮ್ಮ ಬೈಯಲಿಲ್ಲ. ಅರಿಶಿನ ಪುಡಿ ತೆಗೆದು, ಗಂಡನ ಹೆಗಲಿಗೆ ಬಲೆ ಹೊರಿಸಿ, ತಾನೂ ಜೊತೆಗೆ ಹೊಳೆಗೆ ಹೋಗಿ ಮೂರು ಸಲ ಅದ್ದಿಸಿ ತಂದಳು. ಒದ್ದೆ ಬಲೆಯನ್ನು ಸೊಸೆಯ ಮುಂದೆ ಇಳಿಸಿದಳು.

"ನಾ ಮೊದ್ಲೇ ಹೇಳಿದ್ದೆ."

"ಹೇಳಿದ್ರಿ. ಇವತ್ತ್ ಓಡಸ್ಲಿಲ್ಲ, ಅದಕ್ಕ ಹಿಂಗಾತು."

"ನಾಯಿ ಓಡಸ್ಲಿಕ್ಕೂ ನೀನ, ಬಲಿ ಹೆಣಿಲಿಕ್ಕೂ ನೀನ. ತಂದಾಕಿನೂ ನೀನ."

ಅದನ್ನು ಹೆಣೆಯಲು ಎಪ್ಪತ್ತು ನಿಮಿಷ ಹಿಡಿಯಿತು. ಅಂದು ರಾತ್ರಿ ಉಮಾ ವಹಿಯಲ್ಲಿ ಹೊಸ ಅಂಕಣಗಳ ಗೆರೆ ಎಳೆದಳು. ತೂತು ಮಾತ್ರ ಎಣಿಸಿದ್ದು ತಪ್ಪು, ತಕ್ಕಡಿಯ ಒಂದೇ ತಟ್ಟೆ ನೋಡಿದಂತಾಗಿದೆ ಎಂದು ಅವಳಿಗೆ ಹೊಳೆದಿತ್ತು. ನಾಯಿಗೆ ಹೋಗುವ ನಿಮಿಷಗಳನ್ನೂ, ಆ ನಿಮಿಷ ಯಾರದು ಎಂಬುದನ್ನೂ ಮರುದಿನದಿಂದ ಬರೆಯತೊಡಗಿದಳು.

ಬಲೆ ಒಣಗುವ ಹೊತ್ತಿನಲ್ಲಿ ನಾಯಿಯನ್ನು ಎಲ್ಲಿಡುವುದು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವನು ಮರಿಲಿಂಗಪ್ಪ. ಕಟ್ಟಿ ಹಾಕಿದರೆ ಚಿಕ್ಕಿ ಬೊಗಳುತ್ತಿತ್ತು, ದೇವಕಮ್ಮನಿಗೆ ತಲೆ ಸಿಡಿಯುತ್ತಿತ್ತು. ಒಳಗೆ ಕೂಡಿದರೆ ಬಾಗಿಲು ಕೆರೆಯುತ್ತಿತ್ತು. ಅಂಗಳದ ಮೂಲೆಯಲ್ಲಿ ಹಗಲೆಲ್ಲ ಬೋರಲು ಬಿದ್ದಿರುತ್ತಿದ್ದ ಹರಗೋಲನ್ನು ಅವನು ತೋರಿಸಿದ.

"ಕೋಳಿ ಮ್ಯಾಲ ಬುಟ್ಟಿ ಮುಚ್ಚಂಗಿಲ್ಲೇನು? ಇದೂ ಬುಟ್ಟಿನ. ಜರಾ ದೊಡ್ದು."

"ಮಾವಾರಿ, ಅದು ಕೋಳಿ ಅಲ್ರಿ. ಅಗಿಯೋ ಜಾತಿ."

ಅಗೆಯುವ ಮಾತನ್ನು ಮರಿಲಿಂಗಪ್ಪ ಆಗಲೇ ಯೋಚಿಸಿದ್ದ. ಹರಗೋಲನ್ನು ಮಣ್ಣಿನ ಮೇಲಲ್ಲ, ಬಟ್ಟೆ ಒಗೆಯುವ ಹಾಸುಗಲ್ಲಿನ ಮೇಲೆ ಮುಚ್ಚುವುದು. ಕಲ್ಲನ್ನು ಯಾವ ನಾಯಿ ಅಗೆದೀತು? ಗಾಳಿಗೆಂದು ಅಂಚಿನ ಕೆಳಗೆ ಒಂದು ಇಟ್ಟಿಗೆ ಚೂರು ಇಟ್ಟ. ಒಳಗೆ ನೀರಿನ ಬಟ್ಟಲು, ಒಂದು ಹಳೆ ಗೋಣಿ. ಮೂರು ಮಧ್ಯಾಹ್ನ ಚಿಕ್ಕಿ ಸದ್ದಿಲ್ಲದೆ ಮಲಗಿತು. ಮರಿಲಿಂಗಪ್ಪ ಊಟಕ್ಕೆ ಕೂತಾಗಲೆಲ್ಲ, ಓದಿದವರಿಗೆ ತಿಳಿಯದ್ದು ಬುಟ್ಟಿ ಹೆಣೆಯುವವರಿಗೆ ತಿಳಿಯುತ್ತದೆ ಎಂದು ಯಾರ ಹೆಸರೂ ಹೇಳದೆ ಹೇಳಿದ.

ಫೆಬ್ರವರಿ 12, ಬುಧವಾರ. ದೇವಕಮ್ಮನ ಕಣ್ಣು ತೋರಿಸಲು ಸಾಯಿಕುಮಾರ ಅವಳನ್ನು ಯಾದಗಿರಿಗೆ ಕರೆದೊಯ್ದ. ಉಮಾ ಪರೀಕ್ಷೆಯ ಅರ್ಜಿಯಲ್ಲಿ ಬಿದ್ದ ಒಂದು ತಪ್ಪು ಸರಿಪಡಿಸಲು ಸುರಪುರಕ್ಕೆ ಹೋದಳು. ಹೋಗುವಾಗ, ಅರ್ಧ ಗಂಟೆಗಿಂತ ಹೆಚ್ಚು ಮುಚ್ಚಬೇಡಿ, ನಡುವೆ ಒಮ್ಮೆ ತಿರುಗಾಡಿಸಿ ಎಂದು ಮಾವನಿಗೆ ಹೇಳಿದಳು. ಮರಿಲಿಂಗಪ್ಪ ಹತ್ತೂವರೆಗೆ ಹರಗೋಲು ಮುಚ್ಚಿ ಚಹಾದ ಅಂಗಡಿಗೆ ಹೋದ. ಅಲ್ಲಿ ಮಾತು ಬೆಳೆಯಿತು. ಬಂದಾಗ ಒಂದೂ ಮುಕ್ಕಾಲು.

ಹರಗೋಲೆಂದರೆ ಬಿದಿರಿನ ಹೆಣಿಗೆ, ಅದರ ಹೊರಮೈಗೆ ಹೊಲಿದ ಪ್ಲಾಸ್ಟಿಕ್ ಚೀಲ, ಚೀಲದ ಮೇಲೆ ಡಾಂಬರು. ಕೆಳಗೆ ಕಲ್ಲಿತ್ತು, ಅಗೆಯಲು ಉಳಿದದ್ದು ಮೇಲಿನ ಈ ಮೂರೇ. ಚಿಕ್ಕಿ ಬಿದಿರನ್ನು ಕಡಿದು, ಚೀಲವನ್ನು ಹರಿದು, ಬಿಸಿಲಿಗೆ ಮೆತ್ತಗಾಗಿದ್ದ ಡಾಂಬರನ್ನು ಕೆರೆದು ಹೊರಗೆ ಬಂದಿತ್ತು. ಮೂತಿ, ಮುಂಗಾಲು, ಎದೆ ಕಪ್ಪಾಗಿದ್ದವು. ಅದು ಬೋರಲು ಬಿದ್ದ ಹರಗೋಲಿನ ನೆತ್ತಿಯ ಮೇಲೆ ನಿಂತು ಮರಿಲಿಂಗಪ್ಪನನ್ನು ಕಂಡು ಬಾಲ ಅಲ್ಲಾಡಿಸಿತು. ತೂತು ಮೂವತ್ತೊಂದು ಸೆಂಟಿಮೀಟರ್ ಉದ್ದ, ಇಪ್ಪತ್ತೆರಡು ಅಗಲ.

ಸಂಜೆ ಎಲ್ಲರೂ ಅಂಗಳದಲ್ಲಿ ಸೇರಿದರು. ಸಾಯಿಕುಮಾರ ತೂತಿನೊಳಗೆ ತಲೆ ಹಾಕಿ ನೋಡಿ ಹೊರಗೆ ತೆಗೆದ.

"ಯಪ್ಪಾ, ಮಾತಾಡು."

"ಏನ್ ಮಾತಾಡ್ಲಿ?"

"ಮೂರ್ ಆಳ ಹೊರೋ ಹರಗೋಲ ಅಂತಿದ್ದಿ."

ಮರಿಲಿಂಗಪ್ಪ ತೂತಿನ ಅಂಚಿನ ಬಿದಿರ ಸೀಳನ್ನು ಒಳಕ್ಕೆ ಒತ್ತಿದ, ಅದು ಮತ್ತೆ ಹೊರಬಂತು. "ಕೋಳಿ ಆಗಿದ್ರ ಕುಂದರ್ತಿತ್ತು," ಎಂದ ಕೊನೆಗೆ.

ದೇವಕಮ್ಮ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಅವಳು ನಗುತ್ತಿದ್ದಳೋ ಇಲ್ಲವೋ ಹೊರಗಿನವರಿಗೆ ಕಾಣಲಿಲ್ಲ. ಉಮಾ ಶೇಂಗಾ ಎಣ್ಣೆ ಬಿಸಿ ಮಾಡಿ ಆರಿಸಿ, ಅರಿವೆಯಲ್ಲಿ ಅದ್ದಿ, ಚಿಕ್ಕಿಯ ಮೈಯ ಡಾಂಬರು ಬಿಡಿಸಿದಳು. ಡಾಂಬರು ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಅದಕ್ಕೆ ಐವತ್ತು ನಿಮಿಷ ಹಿಡಿಯಿತು. ಸುರಪುರದ ಬಸ್ಸಿನಲ್ಲಿ ಓದಲೆಂದು ಒಯ್ದಿದ್ದ ಪುಸ್ತಕ ಚೀಲದಲ್ಲೇ ಉಳಿಯಿತು.

ಹೊಸ ಬಿದಿರು ಸೇರಿಸಿ, ಚೀಲ ಹೊಲಿದು, ಡಾಂಬರು ಬಳಿದು ಒಣಗಿಸಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನ ಮನೆಯಲ್ಲಿ ಮೀನಿನ ಸಾರಿಲ್ಲ. ಪುಂಡಿಪಲ್ಯ, ತೊಗರಿ ಬೇಳೆ, ಮತ್ತೆ ಪುಂಡಿಪಲ್ಯ. ಮನೆಯಲ್ಲೇ ಇದ್ದ ಸಾಯಿಕುಮಾರ ಹಗ್ಗದ ಗಂಟು ಎಸೆದು ಚಿಕ್ಕಿಗೆ ತರುವುದನ್ನು ಕಲಿಸಿದ. ಮಧ್ಯಾಹ್ನ ಅದು ಅವನ ಕೌದಿಯ ತುದಿಗೆ ಮಲಗತೊಡಗಿತು. ಮರಿಲಿಂಗಪ್ಪ ಒಂದು ಸರಪಳಿ ತಂದ. ಹರಗೋಲು ಮತ್ತೆ ನೀರಿಗಿಳಿದ ವಾರ ಬಲೆಗಳು ಹೊಸದರಂತೆ ಇದ್ದವು, ಮೀನು ಚೆನ್ನಾಗಿ ಬಿದ್ದವು. ಇದೆಲ್ಲ ನಾಯಿಯ ಕಾಲ್ಗುಣ ಎಂದು ಮರಿಲಿಂಗಪ್ಪ ಮಕ್ತುಂಬಿಗೆ ಹೇಳಿದ.

ಫೆಬ್ರವರಿ 20ಕ್ಕೆ ದೇವಕಮ್ಮನ ಆರು ವಾರ ಮುಗಿದವು. ಅವಳು ಒಲೆಯ ಮುಂದೆ ಕೂತಳು. ಬಲೆಯ ಸಣ್ಣ ಗಂಟು ಮಾತ್ರ ಇನ್ನೂ ಕಾಣುತ್ತಿರಲಿಲ್ಲ, ಕನ್ನಡಕ ಬರಲು ಮಾರ್ಚ್ ನಡುವಾಗುತ್ತದೆ ಎಂದಿದ್ದರು. ಒಲೆಯಿಂದ ಉಳಿದ ಹೊತ್ತು ಮರುದಿನದಿಂದಲೇ ತನ್ನ ಓದಿಗೆ ಸೇರುತ್ತದೆ ಎಂದುಕೊಂಡಿದ್ದ ಉಮಾಳಿಗೆ, ಸೊಸೆಗೆ ಈಗ ಕೈ ಖಾಲಿ ಇದೆ ಎಂದು ಮೀನು ಒಣಗಿಸುವ ಕೆಲಸ ಬಂದಿತು.

ಫೆಬ್ರವರಿ 23, ರವಿವಾರದ ರಾತ್ರಿಯ ಊಟಕ್ಕೆ ನಾಲ್ವರೂ ಒಟ್ಟಿಗೆ ಕೂತರು. ಜೋಳದ ರೊಟ್ಟಿ, ಮೀನಿನ ಸಾರು, ಉಳ್ಳಾಗಡ್ಡಿ. ಎಂಜಿನಿಯರರ ಹೆಂಡತಿ ಫೋನ್ ಮಾಡಿದ್ದರು, ಉತ್ತರ ಹೇಳಬೇಕಿತ್ತು. ಇಟ್ಟುಕೊಳ್ಳೋಣ ಎಂದು ಸಾಯಿಕುಮಾರ ಹೇಳಿದ. ಮರಿಲಿಂಗಪ್ಪ ಹೂಂಗುಟ್ಟಿದ. ಬಲೆಗೆ ಬಾಯಿ ಹಚ್ಚಿದ ನಾಯಿ ತನಗೆ ಬೇಡ ಎಂದಳು ದೇವಕಮ್ಮ. ಬೇಕೆಂದವರು ಇಬ್ಬರು, ಬೇಡವೆಂದವಳು ಒಬ್ಬಳು. ಮೂವರೂ ಉಮಾಳ ಕಡೆ ನೋಡಿದರು.

"ನಂಗೂ ಬ್ಯಾಡ್ರಿ," ಎಂದಳು ಉಮಾ.

ದೇವಕಮ್ಮನ ಕೈಯ ತುತ್ತು ನಿಂತಿತು. "ನೀ ತಂದ ನಾಯಿ. ನೀನ ಬ್ಯಾಡಂತಿ?"

"ನಾಯಿ ಬರಾಬರಿ ಅದರಿ ಅತ್ತಿ. ಈ ಮನಿಗಿ ಬರಾಬರಿ ಆಗಂಗಿಲ್ಲ."

ಅವಳು ಎದ್ದು ವಹಿ ತಂದು ಓದಿದಳು. ನಾಯಿ ಬರುವ ಮೊದಲು ದಿನಕ್ಕೆ ಸರಾಸರಿ ಹತ್ತೊಂಬತ್ತು ತೂತು, ನೂರಾ ಹದಿನಾಲ್ಕು ನಿಮಿಷದ ಹೆಣಿಗೆ. ಬಂದ ಮೇಲೆ ಮೂರು ತೂತು, ಹದಿನೆಂಟು ನಿಮಿಷ. ಉಳಿದದ್ದು ತೊಂಬತ್ತಾರು. ಬೆಳಗಿನ ಓಟ ನಲವತ್ತೈದು, ಸಂಜೆಯದು ನಲವತ್ತು, ಊಟ ಹತ್ತು, ಮೈ ತೊಳೆಯುವುದು ಹತ್ತು, ಬಲೆ ಒಣಗುವಾಗ ಕಾಯುವುದು ಇಪ್ಪತ್ತು. ಹೋದದ್ದು ನೂರಾ ಇಪ್ಪತ್ತೈದು. ದಿನಕ್ಕೆ ಇಪ್ಪತ್ತೊಂಬತ್ತು ನಿಮಿಷ ಲುಕ್ಸಾನು. ಹರಗೋಲು, ಡಾಂಬರು ಇದರಲ್ಲಿ ಸೇರಿಲ್ಲ.

"ಈ ನೂರಾ ಇಪ್ಪತ್ತೈದರಾಗ ಯಾರ್ ಯಾರ ಪಾಲು ಎಷ್ಟ್ ಅಂತನೂ ಬರದೀನಿ."

"ನಂದೆಷ್ಟ್?" ಎಂದ ಸಾಯಿಕುಮಾರ.

"ಸೊನ್ನಿ."

"ನಾಕ್ ದಿನ ಆಡಸೀನಲ್ಲ?"

"ಅದು ಹರಗೋಲ ಒಡದಾಗ. ಅದಾದ ಮ್ಯಾಲ ಹೇಳ್ರಿ."

ಸಾಯಿಕುಮಾರ ರೊಟ್ಟಿ ಮುರಿದ. ಸಿಟ್ಟಿನಲ್ಲಿರಲಿಲ್ಲ, ಸರಳವಾದ ಉಪಾಯ ಹೇಳುವವನ ದನಿಯಲ್ಲಿ ಹೇಳಿದ. "ಒಂದ್ ತಿಂಗಳದ ಮಾತ ಅದ. ನಿನ್ನ ಪರೀಕ್ಷಿ ಮುಂದಿನ ವರ್ಷನೂ ಬರ್ತದಲ್ಲ."

ಬಾಗಿಲಲ್ಲಿ ಸರಪಳಿಗೆ ಕಟ್ಟಿದ್ದ ಚಿಕ್ಕಿ ಎದ್ದು ನಿಂತು ಮತ್ತೆ ಮಲಗಿತು.

"ಮುಂದಿನ ವರ್ಷ ಇಲಿ ಬರ್ತಾವ," ಎಂದಳು ಉಮಾ. "ನಾಯಿ ಬೇಕಂದ್ರ ನಾಯಿ ಬರ್ತದ. ಈ ಹುದ್ದಿ ಕರದದ್ದು ನಾಕ್ ವರ್ಷಕ್ಕ. ಇನ್ನ ನಾಕ್ ವರ್ಷಕ್ಕ ನನ್ನ ವಯಸ್ಸ ದಾಟ್ತದ."

ಶಹಾಪುರದ ತೊಗರಿಬೇಳೆ ಮಿಲ್ಲಿ‌ನಲ್ಲಿ ಕಾವಲಿಗಿದ್ದ ತನ್ನ ಸೋದರಮಾವ ಬಸವಂತ್ರಾಯನ ಜೊತೆ ಮಾತಾಡಿದ್ದೇನೆ, ಚಿಕ್ಕಿಯನ್ನು ಇಟ್ಟುಕೊಳ್ಳಲು ಅವನು ಒಪ್ಪಿದ್ದಾನೆ, ಎಂಜಿನಿಯರರ ಹೆಂಡತಿಯೂ ಒಪ್ಪಿದ್ದಾರೆ ಎಂದು ತಿಳಿಸಿದಳು. ನಂತರ ವಹಿ ಮುಚ್ಚಿದಳು.

"ಇನ್ನೊಂದ್ ಮಾತರಿ. ಮಾರ್ಚ್ ಇಪ್ಪತ್ಮೂರರ ತನಾ ನಾ ಬಲಿ ಹೆಣಿಯಂಗಿಲ್ಲ."

"ಮತ್ತ ಯಾರ್ ಹೆಣೀಬೇಕು?" ಎಂದ ಮರಿಲಿಂಗಪ್ಪ.

"ಮೀನ ಹಿಡಿಯವ್ರು."

ಮರಿಲಿಂಗಪ್ಪ ತಟ್ಟೆಯಲ್ಲೇ ಕೈ ತೊಳೆದು ಹೊರಗೆ ಹೋದ. ಸಾಯಿಕುಮಾರ ತಾಯಿಯ ಕಡೆ ನೋಡಿದ. ಅವಳು ಸಾರಿನ ಗಡಿಗೆಯ ಮೇಲೆ ಮುಚ್ಚಳ ಇಟ್ಟು, ಬೂದಿ ಕೆದರಿ, ಕೆಂಡ ಆರಿಸಿದಳು.

25ರ ಮಂಗಳವಾರ ಉಮಾ ಚಿಕ್ಕಿಯನ್ನು ಕರೆದುಕೊಂಡು ಹೊರಟಳು. ದೇವಕಮ್ಮ ಎರಡು ರೊಟ್ಟಿ ಕಾಗದದಲ್ಲಿ ಸುತ್ತಿ ಕೊಟ್ಟಳು. ಒಂದು ನಿನಗೆ ಎಂದು ಹೇಳಲಿಲ್ಲ, ಎರಡೂ ಸಾರಿನಲ್ಲಿ ನೆನೆದಿದ್ದವು. ಸಾಯಿಕುಮಾರ ಬಸ್‌ಸ್ಟ್ಯಾಂಡಿನವರೆಗೆ ಸರಪಳಿ ಹಿಡಿದು ಬಂದ. ಬಸ್ಸು ಬಂದಾಗ ಸರಪಳಿ ಹೆಂಡತಿಯ ಕೈಗೆ ಕೊಟ್ಟು, ಕಿಟಕಿಯ ಬದಿ ಕೂತುಕೋ, ಅದಕ್ಕೆ ಗಾಳಿ ಬೇಕು ಎಂದ.

ಬಸವಂತ್ರಾಯ ಮಿಲ್ಲಿನ ಗೇಟಿನಲ್ಲೇ ಕಾಯುತ್ತಿದ್ದ. ಐವತ್ತೈದರ ಒಬ್ಬಂಟಿ ಮನುಷ್ಯ. ಉಮಾ ಫೋನಿನಲ್ಲಿ ಕೇಳಿದ್ದನ್ನೇ ಎದುರಿಗೆ ಮತ್ತೊಮ್ಮೆ ಕೇಳಿದಳು. ಮಿಲ್ಲಿನಲ್ಲಿ ಇಲಿಮದ್ದು ಇಡುತ್ತಾರೆಯೇ? ಸಂಕ್ರಾಂತಿಯಿಂದ ನಿಲ್ಲಿಸಿದ್ದಾರೆ, ಇನ್ನು ಇಡುವುದಿಲ್ಲ. ನಾಯಿ ಎಷ್ಟು ಹೊತ್ತು ಒಂಟಿ ಇರುತ್ತದೆ? ಇರುವುದಿಲ್ಲ. ಸೋದರಮಾವ ಪಾಳಿಯಲ್ಲಿ ಎಷ್ಟು ತಿರುಗುತ್ತಾನೆ?

"ಪಾಳಿಗಿ ಹನ್ನೊಂದ್ ಸುತ್ತ ಹೊಡೀಬೇಕವ್ವ. ಸುತ್ತಿಗೊಮ್ಮಿ ಅಲ್ಲಿ ಗೋಡಿಗಿ ಹೆಸರ ಬರೀಬೇಕು. ಇಷ್ಟ ದಿನ ಒಬ್ಬಾಂವನ ಹೊಡದೀನಿ. ನನ್ನ ಕೂಡ ಮಾತಾಡ್ಲಿಕ್ಕ ಆ ಗೋಡಿನೂ ಒಲ್ಲೆ ಅಂತದ."

ಉಮಾ ಕಾಂಪೌಂಡನ್ನು ಒಂದು ಸುತ್ತು ಹೆಜ್ಜೆ ಹಾಕಿ ಅಳೆದಳು. ನಾನೂರಿಪ್ಪತ್ತು ಮೀಟರ್. ಅವಳು ಸುತ್ತು ಮುಗಿಸಿ ಬರುವಷ್ಟರಲ್ಲಿ ಚಿಕ್ಕಿ ತೊಗರಿ ಚೀಲಗಳ ಸಂದಿಯಲ್ಲಿ ಹೊಕ್ಕಿತ್ತು. ಅದರ ಬಾಲವಷ್ಟೇ ಕಾಣುತ್ತಿತ್ತು. ಕರೆದರೆ ತಿರುಗಲಿಲ್ಲ. ಅವಳು ಮೂರೂಕಾಲರ ಬಸ್ಸಿಗೆ ವಾಪಸಾದಳು, ದಾರಿಯಲ್ಲಿ ಹುಣಸಗಿಯವರೆಗೂ ಓದಿದಳು.

ಶೆಡ್ಡಿಗೆ ಇಲಿಗಳು ಮರಳಲು ನಾಲ್ಕು ದಿನ ಸಾಕಾಯಿತು. ಮಾರ್ಚ್ 1ಕ್ಕೆ ಒಂಬತ್ತು ತೂತು, 4ಕ್ಕೆ ಇಪ್ಪತ್ತೊಂದು. ಉಮಾ ಬೆಳಿಗ್ಗೆ ಎಣಿಸಿ ಬಲೆಯನ್ನು ಗಳಕ್ಕೆ ಹಾಕಿ ಒಳಗೆ ಹೋಗುತ್ತಿದ್ದಳು. ಗಂಡಸರು ಎರಡು ದಿನ ತೂತು ಬಲೆಯನ್ನೇ ಒಯ್ದರು. ಎರಡನೇ ದಿನ ಮಕ್ತುಂಬಿ ತನ್ನ ಬೋಗುಣಿಯ ತಳ ನೋಡಿ, ಇವತ್ತು ಮೀನುಗಳೆಲ್ಲ ಎಲ್ಲಿ ದಾವತ್ತಿಗೆ ಹೋಗಿದ್ದವು ಎಂದು ಕೇಳಿ ಹೋದಳು.

ಮಾರ್ಚ್ 4ರ ಮಧ್ಯಾಹ್ನ ಮೂರಕ್ಕೆ ಸಾಯಿಕುಮಾರ ಕೌದಿ ಬಿಟ್ಟು ಎದ್ದು ಅಂಗಳದಲ್ಲಿ ಬಲೆ ಹರಡಿಕೊಂಡು ಕೂತ. ಬಿದಿರಿನ ಸೂಜಿಗೆ ದಾರ ಸುತ್ತುವುದನ್ನು ಮರಿಲಿಂಗಪ್ಪ ತೋರಿಸಿದ. ತನ್ನ ಮದುವೆಗೆ ಮೊದಲು ಮರಿಲಿಂಗಪ್ಪನೂ ಹೆಣೆಯುತ್ತಿದ್ದ, ಈಗ ಎರಡನೇ ಗಂಟು ನೆನಪಾಗುತ್ತಿರಲಿಲ್ಲ. ತಂದೆ ಮಗ ಮೊದಲು ದಾರದ ಬಗ್ಗೆ, ಆಮೇಲೆ ಗಂಟಿನ ಬಗ್ಗೆ, ಆಮೇಲೆ ಯಾರು ಯಾರ ಮಾತು ಕೇಳುವುದಿಲ್ಲ ಎಂಬುದರ ಬಗ್ಗೆ ಜಗಳವಾಡಿದರು. ನಾಲ್ಕನೇ ಸಲ ಗಂಟು ಜಾರಿದಾಗ ಸಾಯಿಕುಮಾರ ಸೂಜಿ ಕೆಳಗಿಟ್ಟು ಒಳಕೋಣೆಯ ಮುಚ್ಚಿದ ಬಾಗಿಲ ಕಡೆ ತಿರುಗಿದ.

"ಉಮಾ, ಜರಾ ಬಾ ಇಲ್ಲಿ."

ಒಲೆಯ ಬದಿಯಿಂದ ದೇವಕಮ್ಮ ಎದ್ದು ಬಂದು ಆ ಬಾಗಿಲಿಗೆ ಅಡ್ಡ ನಿಂತಳು.

"ಕರೀಬ್ಯಾಡ. ಓದಾಕತ್ತಾಳ."

"ಒಂದ್ ಗಂಟು ತೋರ್ಸಿ ಹೋಗ್ಲಿ ಯವ್ವಾ."

"ನಿನ್ನ ಗಂಟು ನೀ ಹಾಕು. ನಾ ಬಾಯಿಲೆ ಹೇಳ್ತೀನಿ, ನೀ ಕೈಲೆ ಮಾಡು."

ಅವಳು ಮಗನ ಪಕ್ಕದಲ್ಲಿ ಕೂತಳು. ದಾರ ಕಾಣದಿದ್ದರೂ ಬೆರಳ ಲೆಕ್ಕ ಗೊತ್ತಿತ್ತು. ಮೇಲಿಂದ ತಾ, ಹಿಂದ ಹಾಕು, ಹೆಬ್ಬೆರಳಿಂದ ಒತ್ತು, ಈಗ ಎಳಿ. ಐದೂಮುಕ್ಕಾಲರ ಹೊತ್ತಿಗೆ ಇಪ್ಪತ್ತೊಂದರಲ್ಲಿ ಹದಿನಾಲ್ಕು ಮುಗಿದವು. ಉಳಿದ ಏಳನ್ನು ಹಾಗೆಯೇ ಬಿಟ್ಟರು. ದೇವಕಮ್ಮ ತೇಪೆಯ ಮೇಲೆ ಬೆರಳಾಡಿಸಿ, ಬಲೆಯ ಒಂದು ಕಣ್ಣಿನೊಳಗೆ ಎರಡು ಬೆರಳು ತೂರಿಸಿ ನೋಡಿದಳು. ಹಿಂದಾಗಿದ್ದರೆ ಕತ್ತರಿ ತರಿಸಿ ಎಲ್ಲ ಬಿಚ್ಚಿಸುತ್ತಿದ್ದಳು.

"ಇದರಾಗಿಂದ ಮೀನ ನಕ್ಕೋತ ಹೋಗ್ತಾವ," ಎಂದು ಹೇಳಿ ಬಲೆಯನ್ನು ಮಡಚಿ ಮಗನ ಹೆಗಲಿಗೆ ಹಾಕಿದಳು. ಗಂಡಸರು ಅದನ್ನೇ ತೆಗೆದುಕೊಂಡು ಹೊಳೆಗೆ ಹೋದರು.

ಮರುದಿನ ಬಲೆ ಒಣಗಲು ಹಾಕಿದಾಗ ಉಮಾ ಆ ತೇಪೆಯ ಮೇಲೆ ಸ್ಕೇಲು ಇಟ್ಟು ನೋಡಿ, ಸೂಜಿ ಮುಟ್ಟದೆ ಓದಲು ಒಳಗೆ ಹೋದಳು. ಆ ಬಲೆಯ ಕಣ್ಣು ಐದು ಸೆಂಟಿಮೀಟರ್ ಇರಬೇಕು. ಸಾಯಿಕುಮಾರ ಹೆಣೆದ ಕಣ್ಣು ಏಳು ಸೆಂಟಿಮೀಟರ್ ಎರಡು ಮಿಲಿಮೀಟರ್ ಇತ್ತು.